ದ್ವಾದಶಿ ಬೆಳಗಿನ ರಕ್ತ

ನಾಲ್ವರು ಹೆಂಗಸರ ರಕ್ತದ ಲೆಕ್ಕವನ್ನು ಅಳಿಸಿಬಿಟ್ಟಿದ್ದರೆ ಪ್ರಿಯಂವದಾ ಯುಗಾದಿಯ ಹೊತ್ತಿಗೆ ಡಾಕ್ಟರ್ ಪ್ರಿಯಂವದಾ ಆಗಿರುತ್ತಿದ್ದಳು. ಅಳಿಸುವುದು ಮಹಾ ಕಷ್ಟದ ಕೆಲಸವೇನಲ್ಲ. ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಆರಿಸಿ ಒಂದು ಗುಂಡಿ ಒತ್ತಿದರೆ ಆಯಿತು. ಅವಳ ಗೈಡ್ ಯಜ್ಞನಾರಾಯಣ ಅವರು ಹೇಳಿದ್ದೂ ಹಾಗೆಯೇ, ಸಾರಿನಲ್ಲಿ ಸಿಕ್ಕ ಕರಿಬೇವನ್ನು ಎಲೆಯ ಅಂಚಿಗೆ ಸರಿಸು ಎಂದಷ್ಟೇ ಹಗುರವಾಗಿ.

“ಆ ನಾಲ್ಕು ರೀಡಿಂಗ್ ತೆಗೆದ್ಬಿಡಮ್ಮ. ಎಲ್ಲಾ ಡೇಟಾದಲ್ಲೂ ಹೀಗೆ ದಾರಿ ತಪ್ಪಿದ್ದು ಒಂದಷ್ಟು ಇರುತ್ವೆ.”

“ಯಾಕೆ ಹಾಗ್ ಬಂತು ಅಂತ ಗೊತ್ತಾದ್ಮೇಲೆ ತೆಗೀತೀನಿ ಸಾರ್.”

“ಅಲ್ಲೀವರ್ಗೂ ಆಸ್ಪತ್ರೆಯವ್ರು ಕಾಯ್ತಾರೇನು? ಡೋಸ್ ಎಷ್ಟು, ಡೋಸ್ ಎಷ್ಟು ಅಂತ ದಿನಾ ಫೋನು. ನಿನ್ನ ಥೀಸಿಸ್ಸೂ ಅಲ್ಲೇ ನಿಂತಿದೆ. ಯೋಚ್ನೆ ಮಾಡು.”

ಗೈಡ್ ಯೋಚನೆ ಮಾಡು ಎಂದರೆ ಅದರ ಅರ್ಥ ಯೋಚನೆ ಮಾಡಬೇಡ ಎಂದು. ಐದು ವರ್ಷದಲ್ಲಿ ಅಷ್ಟನ್ನಾದರೂ ಪ್ರಿಯಂವದಾ ಕಲಿತಿದ್ದಳು. ಆದರೂ ಅವಳು ಯೋಚನೆ ಮಾಡಿದಳು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಕೆ.ಆರ್. ಪುರದ ಮೆಟ್ರೋ ಇಳಿದು ಆಟೋದಲ್ಲಿ ಒಂದಿಷ್ಟು ಧೂಳು ಕುಡಿದರೆ ಸಿಗುವ ಖಾಸಗಿ ಸಂಶೋಧನಾ ಕೇಂದ್ರವೊಂದರಲ್ಲಿ ಅವಳ ಕೆಲಸ. ಕೆಲಸ ಪಾರ್ಫಿರಿನ್ ಎಂಬ ವಸ್ತುವಿನ ಮೇಲೆ. ನಮ್ಮ ರಕ್ತಕ್ಕೆ ಕೆಂಪು ಕೊಟ್ಟದ್ದು, ಎಲೆಗೆ ಹಸಿರು ಕೊಟ್ಟದ್ದು, ಎಲ್ಲ ಅದೇ ಮನೆತನ. ಅದರಲ್ಲೊಂದನ್ನು ನೀರಿನಲ್ಲಿ ಕರಗುವ ಹಾಗೆ ಮಾಡಿದ್ದರು. ನರದೊಳಗೆ ಚುಚ್ಚಿದರೆ ಅದು ರಕ್ತದ ಜೊತೆ ಹೋಗಿ ಕ್ಯಾನ್ಸರ್ ಗೆಡ್ಡೆಯಲ್ಲಿ ಕೂರುತ್ತದೆ. ಆಮೇಲೆ ಅಲ್ಲಿಗೆ ಬೆಳಕು ಬಿಟ್ಟರೆ ಗೆಡ್ಡೆಯನ್ನು ಸುಡುತ್ತದೆ. ಕೇಳಲು ಚೆಂದ. ತೊಡಕು ಇರುವುದು ಆ ಬೆಳಕಿನಲ್ಲೇ. ಔಷಧ ಹೋಗಬಾರದ ಕಡೆ, ಚರ್ಮಕ್ಕೆ ಹೋಗಿ ಕೂತರೆ, ಬಾಗಿಲಾಚೆಯ ಬಿಸಿಲೇ ರೋಗಿಯನ್ನು ಸುಡುತ್ತದೆ.

ಅದು ಎಲ್ಲಿಗೆ ಹೋಗುತ್ತದೆ ಎನ್ನುವುದು ರಕ್ತದಲ್ಲಿ ಅದನ್ನು ಯಾರು ಹಿಡಿದುಕೊಳ್ಳುತ್ತಾರೆ ಎನ್ನುವುದರ ಮೇಲೆ ನಿಂತಿದೆ. ಹಿಡಿದುಕೊಳ್ಳುವುದು ಆಲ್ಬುಮಿನ್ ಎಂಬ ಪ್ರೋಟೀನು. ಪ್ರಿಯಂವದಾಳ ಪ್ರಕಾರ ಆಲ್ಬುಮಿನ್ ಎಂದರೆ ಶಿವಾಜಿನಗರದಿಂದ ಹೊರಡುವ ಬಸ್ಸು. ಯಾರು ಕೈ ಅಡ್ಡ ಹಾಕಿದರೂ ಹತ್ತಿಸಿಕೊಳ್ಳುತ್ತದೆ. ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ ಕೋಣೆಯಲ್ಲಿ, ಚಪಾತಿ ಸುತ್ತುವ ಬೆಳ್ಳಿ ಹಾಳೆಯಲ್ಲಿ ನಳಿಗೆಗಳನ್ನು ಸುತ್ತಿಟ್ಟುಕೊಂಡು ಅವಳು ಮಾಡುತ್ತಿದ್ದುದು ಇಷ್ಟೇ. ರಕ್ತದ ಕೆಂಪು ಕೆಳಗಿಳಿದ ಮೇಲೆ ಮೇಲೆ ನಿಲ್ಲುವ ಹಳದಿ ತಿಳಿಗೆ ಔಷಧ ಬೆರೆಸುವುದು, ಅತಿ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸುವುದು, ಕೆಳಗೆ ಎಷ್ಟು ಇಳಿಯಿತು ಎಂದು ನೋಡುವುದು. ಪ್ರೋಟೀನು ಹಿಡಿದುಕೊಂಡ ಔಷಧ ಜರಡಿಯ ಮೇಲೆಯೇ ಉಳಿಯುತ್ತದೆ. ಕೆಳಗಿಳಿದದ್ದು ಹಿಡಿಯುವವರಿಲ್ಲದೆ ಅಲೆಯುವ ಔಷಧ; ಚರ್ಮಕ್ಕೆ ಹೋಗಿ ಕೂರುವ ಭಯ ಇರುವುದು ಅದರದೇ.

ಕಾಲೇಜು ಹುಡುಗರ ರಕ್ತದಲ್ಲಿ ಏನೇನೂ ಇಳಿಯಲಿಲ್ಲ. ಕಮ್ಮನಹಳ್ಳಿಯ ಬಿರಿಯಾನಿ ಕೊಡಿಸುತ್ತೇವೆ ಎಂದರೆ ಆ ಹುಡುಗರು ಸಾಲುಗಟ್ಟಿ ತೋಳು ಚಾಚುತ್ತಿದ್ದರು. ಆದರೆ ನಾಳೆ ಈ ಔಷಧ ತೆಗೆದುಕೊಳ್ಳುವವರು ಹುಡುಗರಲ್ಲವಲ್ಲ, ಸ್ವಲ್ಪ ವಯಸ್ಸಾದವರ ರಕ್ತವೂ ಇರಲಿ ಎಂದು ಅವಳು ತನ್ನ ಅಮ್ಮ ರಮಾಮಣಿಗೆ ದುಂಬಾಲು ಬಿದ್ದಳು. ಜೀವನ್ ಬಿಮಾ ನಗರದ ಅವರ ಬೀದಿಯಲ್ಲಿ ರಮಾಮಣಿಯ ಭಜನಾ ಮಂಡಳಿಯ ಮಾತೆಂದರೆ ಮಾತು. ಅಮ್ಮ ಹೇಳಿದ ದಿನ, ಹೇಳಿದ ಹೊತ್ತಿಗೆ, ಐವರು ಹೆಂಗಸರು ಒಂದೇ ಟ್ಯಾಕ್ಸಿಯಲ್ಲಿ ಒತ್ತಿಕೊಂಡು ಬಂದು, ಒಪ್ಪಿಗೆಗೆ ಸಹಿ ಹಾಕಿ, ಗೋವಿಂದ ಗೋವಿಂದ ಎನ್ನುತ್ತ ರಕ್ತ ಕೊಟ್ಟು ಹೋದರು.

ಐವರಲ್ಲಿ ನಾಲ್ವರದು ಹುಡುಗರ ಹಾಗೆ ಬರಲಿಲ್ಲ. ಔಷಧ ಜರಡಿಯಿಂದ ಧಾರಾಳವಾಗಿ ಇಳಿಯಿತು. ಅದರಲ್ಲಿ ಅವಳ ಅಮ್ಮನದೂ ಒಂದು.

ಪ್ರಿಯಂವದಾ ಮೊದಲು ತನ್ನನ್ನೇ ಅನುಮಾನಿಸಿದಳು. ಬೆಳಕು ತಾಗಿತೇ? ಜರಡಿ ಹರಿದಿತ್ತೇ? ಉಪ್ಪು ಹೆಚ್ಚಾಯಿತೇ? ಒಂದೊಂದನ್ನೂ ಬದಲಿಸಿ ಮತ್ತೆ ಮಾಡಿದಳು. ಹಟಕ್ಕೆ ಬಿದ್ದ ಹಾಗೆ ನಾಲ್ಕೂ ಅದೇ ಉತ್ತರ ಕೊಟ್ಟವು.

ಪಕ್ಕದ ಮೇಜಿನ ಜಹನಾರಾ ಎಲ್ಲವನ್ನೂ ನೋಡುತ್ತಿದ್ದಳು. ಅವಳೂ ಯಜ್ಞನಾರಾಯಣರ ಕೈಕೆಳಗೇ ಪಿಎಚ್‌ಡಿ ಮಾಡುತ್ತಿದ್ದವಳು, ಶಿವಾಜಿನಗರದ ಹುಡುಗಿ. ಅವಳಿಗೆ ಈ ಲೆಕ್ಕ ಬೇಗ ಮುಗಿಯಬೇಕಿತ್ತು, ಅದಕ್ಕೆ ಕಾರಣವೂ ಇತ್ತು. ಗುಜರಿಯಲ್ಲಿ ಹಳೇ ಸ್ಕೂಟರ್ ಬಿಡಿಭಾಗ ಮಾರುವ ಅವಳ ಸೋದರಮಾವ ಅಕ್ತರ್‌ಗೆ ಬಾಯಿಯ ಕ್ಯಾನ್ಸರ್. ಆಪರೇಷನ್ ಮಾಡುವ ಹಂತ ದಾಟಿದೆ ಎಂದಿದ್ದರು ಡಾಕ್ಟರು. ಈ ಔಷಧವನ್ನು ಮೊದಲು ಕೊಡಬೇಕೆಂದು ಆಸ್ಪತ್ರೆಯವರು ಆರಿಸಿದ್ದ ಹಲವರಲ್ಲಿ ಅವನೂ ಒಬ್ಬ. ಪ್ರಿಯಂವದಾಳ ಅಂಕಿ ಕೈಗೆ ಬಂದ ದಿನ ಅವರಿಗೆ ಡೋಸು ಗೊತ್ತಾಗುತ್ತದೆ, ಅದರ ಮಾರನೇ ವಾರ ಅಕ್ತರ್‌ಗೆ ಸೂಜಿ.

ಹಾಗಿದ್ದೂ ಜಹನಾರಾ ಒಂದು ದಿನವೂ ಅವಸರ ಮಾಡಲಿಲ್ಲ. ಅದೇ ಪ್ರಿಯಂವದಾಳಿಗೆ ಹೆಚ್ಚು ಚುಚ್ಚುತ್ತಿತ್ತು.

ಉತ್ತರ ಸಿಕ್ಕಿದ್ದು ಅಡಿಗೆಮನೆಯಲ್ಲಿ. ಆವತ್ತು ಏಕಾದಶಿ. ರಮಾಮಣಿಗೆ ನಿರಾಹಾರ, ತುಳಸಿ ತೀರ್ಥ ಬಿಟ್ಟರೆ ನೀರೂ ಇಲ್ಲ. ಏಕಾದಶಿ ಗೀಕಾದಶಿ ನಂಬದ ಮಗಳು ಒಲೆಯ ಪಕ್ಕ ನಿಂತು ತಾನೇ ಕಲಸಿಕೊಂಡ ಚಿತ್ರಾನ್ನ ತಿನ್ನುತ್ತಿದ್ದಳು. ಅಮ್ಮ ಸೋತು ಗೋಡೆಗೆ ಒರಗಿ ಕೂತಿದ್ದಳು.

“ಇಷ್ಟೊಂದು ಸುಸ್ತಾಗತ್ತೆ ಅಂದ್ರೆ ಯಾಕಮ್ಮ ಮಾಡ್ಬೇಕು?”

“ಇದೇನ್ ಸುಸ್ತೇ? ನಿಂಗೆ ರಕ್ತ ಕೊಟ್ಟಿದ್ ದಿನ ನೋಡ್ಬೇಕಿತ್ತು. ಲಿಫ್ಟಲ್ಲಿ ತಲೆ ಸುತ್ತಿ ಬಿದ್ದೇ ಬಿಡ್ತೀನಿ ಅಂದ್ಕೊಂಡೆ.”

“ಬೆಳಿಗ್ಗೆ ಖಾಲಿ ಹೊಟ್ಟೇಲಿ ಬನ್ನಿ ಅಂದಿದ್ದಕ್ಕೆ ಇಷ್ಟಾ? ಎಲ್ರೂ ಹಾಗೇ ಕೊಡ್ತಾರೆ.”

“ಎಲ್ರೂ ದ್ವಾದಶಿ ಬೆಳಿಗ್ಗೆ ಕೊಡ್ತಾರೇನೆ?” ಎಂದಳು ರಮಾಮಣಿ. “ಖಾಲಿ ಹೊಟ್ಟೆ ಬೇಕು ಅಂದ್ಯಲ್ಲ, ಹೇಗೂ ಏಕಾದಶಿ ಉಪವಾಸ ಇದ್ದೇ ಇರ್ತೀವಿ, ಇನ್ನೊಂದು ದಿನ ಬೇರೆ ಯಾಕೆ ಹಸ್ಕೊಂಡಿರ್ಬೇಕು ಅಂತ ನಾನೇ ದ್ವಾದಶಿಗೆ ಗೊತ್ತು ಮಾಡ್ದೆ. ರಕ್ತ ಕೊಟ್ಟು ಬಂದೇ ಪಾರಣೆ ಮಾಡಿದ್ದು. ಅಗಸೆ ಸೊಪ್ಪಿನ ಪಲ್ಯ ಮಾಡಿದ್ದೆ, ನೀನು ಮೂಸೂ ನೋಡ್ಲಿಲ್ಲ.”

ಪ್ರಿಯಂವದಾಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಪ್ರಯೋಗಾಲಯದ ಭಾಷೆಯಲ್ಲಿ ಖಾಲಿ ಹೊಟ್ಟೆ ಎಂದರೆ ರಾತ್ರಿ ಹೊಟ್ಟೆ ತುಂಬ ಉಂಡು ಬೆಳಿಗ್ಗೆ ಕಾಫಿ ಕುಡಿಯದೆ ಬರುವುದು. ಭಜನಾ ಮಂಡಳಿಯ ಹೆಂಗಸರು ದಶಮಿ ಮಧ್ಯಾಹ್ನ ಒಂದು ಹೊತ್ತು ಉಂಡವರು. ಆಮೇಲೆ ಒಂದು ರಾತ್ರಿ, ಒಂದು ಹಗಲು, ಮತ್ತೊಂದು ರಾತ್ರಿ, ಒಂದು ಗುಟುಕು ಕಾಫಿಯೂ ಇಲ್ಲ. ಇಂಥ ಖಾಲಿ ಹೊಟ್ಟೆ ಪ್ರಪಂಚದ ಯಾವ ಪ್ರಯೋಗಾಲಯವೂ ಕೇಳಿರುವುದಿಲ್ಲ. ಕೇಳದೆಯೇ ಕೊಡುವುದು ನಮ್ಮ ಹೆಂಗಸರಿಗೆ ಮಾತ್ರ ಸಾಧ್ಯ. ಅದೇ ಮನೆಯಲ್ಲಿ ಇದ್ದುಕೊಂಡು, ತಿಂಗಳಿಗೆರಡು ಸಲ ಅಮ್ಮ ಹಸಿದು ಕೂರುವುದನ್ನು ಕಂಡೂ ಕಾಣದ ತನ್ನ ಮೇಲೆ ಅವಳಿಗೆ ಸಿಟ್ಟು ಬಂತು.

ಊಟವಿಲ್ಲದಿದ್ದಾಗ ದೇಹ ತಾನು ಕೂಡಿಟ್ಟ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಡುತ್ತದೆ. ಆ ಕೊಬ್ಬಿಗೂ ಓಡಾಡಲು ಇರುವುದು ಅದೇ ಬಸ್ಸು, ಅದೇ ಆಲ್ಬುಮಿನ್. ಶಿವಾಜಿನಗರದಲ್ಲೇ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದುಬಿಟ್ಟಿರುತ್ತದೆ. ಹಲಸೂರಿನಲ್ಲಿ ಹತ್ತುವ ಪಾರ್ಫಿರಿನ್‌ಗೆ ಕೂರಲು ಜಾಗವೆಲ್ಲಿ?

ಅನ್ನದ ಕೈಯಲ್ಲೇ ಅಮ್ಮನನ್ನು ತಬ್ಬಿಕೊಳ್ಳಲು ಹೋಗಿ ಬೈಸಿಕೊಂಡಳು. “ಏಕಾದಶಿ ದಿನ ಮುಸುರೆ ಮಾಡ್ಬೇಡ, ದೂರ ನಿಲ್ಲು!”

ಆದರೆ ಒಂದು ತೊಡಕು ಉಳಿಯಿತು. ಐದನೆಯವರು ವೃಂದಾಬಾಯಿ, ಮಂಡಳಿಯ ಅಧ್ಯಕ್ಷೆ. ಉಪವಾಸದಲ್ಲಿ ಅವರನ್ನು ಮೀರಿಸುವವರಿಲ್ಲ; ಅವಲಕ್ಕಿ ಬಾಳೆಹಣ್ಣು ತಿಂದು ಫಲಾಹಾರ ಎನ್ನುವವರನ್ನು ಅವರು ಎಲ್ಲರೆದುರೇ ಜರೆಯುತ್ತಿದ್ದರು. ಅವರ ರಕ್ತ ಮಾತ್ರ ಬಿರಿಯಾನಿ ತಿಂದ ಹುಡುಗರ ರಕ್ತದ ಹಾಗಿತ್ತು. ಕಾರಣ ಉಪವಾಸವೇ ಆದರೆ ಅವರದೇ ಎಲ್ಲಕ್ಕಿಂತ ಹೆಚ್ಚು ಇಳಿಯಬೇಕಿತ್ತಲ್ಲ? ಒಬ್ಬರ ರಕ್ತ ಎದುರು ಹೇಳಿದರೂ ಅವಳ ಮಾತು ನಿಲ್ಲುವುದಿಲ್ಲ. ಪ್ರಿಯಂವದಾ ಕಗ್ಗದಾಸಪುರದಲ್ಲಿ ವೃಂದಾಬಾಯಿಯ ಮಗನ ಫ್ಲ್ಯಾಟಿಗೆ ಹೋದಳು.

“ಆಂಟಿ, ಆವತ್ತು ರಕ್ತ ಕೊಡೋ ಹಿಂದಿನ ದಿನ ನೀವು ಏನಾದ್ರೂ ತಗೊಂಡಿದ್ರಾ? ನಿಮ್ಮ ಹೆಸರು ಎಲ್ಲೂ ಬರಲ್ಲ. ಯಾರ್ಗೂ ಹೇಳಲ್ಲ.”

“ಏಕಾದಶಿ ದಿನ ನಾನು ಏನೇ ತಗೋತೀನಿ? ನಿಮ್ಮಮ್ಮನ್ನ ಕೇಳು, ನನ್ನ ನಿಷ್ಠೆ ಎಂಥದ್ದು ಅಂತ ಹೇಳ್ತಾಳೆ.”

ಪ್ರಿಯಂವದಾ ಸುಮ್ಮನೆ ಕೂತಳು. ವಾದ ಮಾಡಿದ್ದರೆ ವೃಂದಾಬಾಯಿ ಗೆಲ್ಲುತ್ತಿದ್ದರು. ಸುಮ್ಮನಿದ್ದವರ ಮುಂದೆ ಗೆಲ್ಲುವ ಅಭ್ಯಾಸ ಅವರಿಗಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದುಹೋಗಿ ಬಾಲ್ಕನಿಯ ಬಾಗಿಲು ಹಾಕಿ ಬಂದರು.

“ಬಿಪಿ ಮಾತ್ರೆ ಇದೆಯಲ್ಲೇ. ಖಾಲಿ ಹೊಟ್ಟೇಲಿ ನುಂಗಿದ್ರೆ ಸೊಸೆ ಕೂಗಾಡ್ತಾಳೆ. ಅದಕ್ಕೆ ರಾತ್ರಿ ಒಂದ್ ಸ್ವಲ್ಪ...”

“ಉಪ್ಪಿಟ್ಟಾ ಆಂಟಿ?”

“ಮೊಸರನ್ನ.”

“ಏಕಾದಶಿ ದಿನ ಅನ್ನಾನೇ?”

“ಒಗ್ಗರಣೆ ಹಾಕಿರ್ಲಿಲ್ಲ ಕಣೇ!” ಎಂದರು ವೃಂದಾಬಾಯಿ, ಅದರಿಂದ ಪಾಪ ಅರ್ಧವಾಯಿತು ಎನ್ನುವ ಹಾಗೆ. “ಮೂರು ವರ್ಷ ಆಯ್ತು. ರಮಾಗೆ ಗೊತ್ತಾದ್ರೆ ನಾನು ಮಂಡಳೀಲಿ ತಾಳ ಹಿಡಿಯೋ ಹಾಗಿಲ್ಲ.”

ಪ್ರಿಯಂವದಾಳಿಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಊರಿಗೆಲ್ಲ ಮರೆಮಾಚಿದ ಮೊಸರನ್ನವನ್ನು ರಕ್ತ ಮರೆಮಾಚಿರಲಿಲ್ಲ. ನಾಲ್ಕು ಅಂಕಿಗಳು ದಾರಿ ತಪ್ಪಿರಲಿಲ್ಲ. ಐದೂ ತಮ್ಮ ತಮ್ಮ ಸತ್ಯವನ್ನೇ ಹೇಳಿದ್ದವು.

ಹೀಗೆ ಹೇಳಿದರೆ ಯಾರು ಕೇಳುತ್ತಾರೆ? ಮುಂದಿನ ಏಕಾದಶಿಗೆ ಅವಳೇ ಉಪವಾಸ ಕೂತಳು. ದೇವರಿಗಾಗಿ ಅಲ್ಲ ಎಂದು ಅಮ್ಮನಿಗೆ ಮೊದಲೇ ಹೇಳಿದಳು. ದೇವರಿಗೂ ಅದೇನು ದೊಡ್ಡ ನಷ್ಟವಲ್ಲ ಎಂದಳು ಅಮ್ಮ. ಸಂಜೆಯ ಹೊತ್ತಿಗೆ ತಲೆ ಸಿಡಿಯಿತು, ಪಕ್ಕದ ಮನೆಯ ಈರುಳ್ಳಿ ಒಗ್ಗರಣೆಗೆ ಕಣ್ಣಲ್ಲಿ ನೀರು ಬಂತು, ತನ್ನ ಹಟವನ್ನು ತಾನೇ ಬೈದುಕೊಂಡಳು, ಆದರೆ ಬಿಡಲಿಲ್ಲ. ಉಪವಾಸಕ್ಕೆ ಮೊದಲು ತಾನು ಕೊಟ್ಟ ರಕ್ತ, ಆಮೇಲೆ ಕೊಟ್ಟ ರಕ್ತ, ಹುಡುಗರದು, ಅಮ್ಮನ ಮಂಡಳಿಯವರದು ಎಲ್ಲವನ್ನೂ ಕಲೆಸಿ, ಗುರುತು ಮುಚ್ಚಿ ಜಹನಾರಾಳ ಮುಂದೆ ಇಟ್ಟಳು. ಯಾವ ನಳಿಗೆ ಯಾರದು ಎಂದು ತಿಳಿಯದೆ ಜಹನಾರಾ ಒಂದೊಂದನ್ನೂ ಅಳೆದಳು. ಗುರುತು ಬಿಚ್ಚಿದಾಗ ಹಸಿದವರೆಲ್ಲ ಒಂದು ಕಡೆ, ಉಂಡವರೆಲ್ಲ ಒಂದು ಕಡೆ ನಿಂತಿದ್ದರು. ಪ್ರಿಯಂವದಾ ಎರಡೂ ಕಡೆ ಇದ್ದಳು.

ಕ್ಯಾಂಟೀನಿನಲ್ಲಿ ಅವಳು ಇಡ್ಲಿಯ ಮೇಲೆ ಇಡ್ಲಿ ಇಳಿಸುತ್ತಿದ್ದರೆ ಜಹನಾರಾ ಚಹಾ ಮುಟ್ಟದೆ ಕೂತಿದ್ದಳು.

“ಯಾಕೆ ಮಗಾ? ಸಿಕ್ತಲ್ಲ ಕಾರಣ!”

“ನಿಮ್ಮಮ್ಮಂದು ತಿಂಗಳಿಗೆ ಎರಡು ದಿನ,” ಎಂದಳು ಜಹನಾರಾ. “ನಮ್ ಮಾಮು ಎರಡು ತಿಂಗಳಿಂದ ದಿನಾ ಏಕಾದಶಿ ಮಾಡ್ತಾ ಇದಾರೆ. ಚಾಯ್ ಒಂದ್ ನಾಲ್ಕು ಚಮಚ, ಗಂಜಿ ತಿಳಿ ಒಂದ್ ನಾಲ್ಕು ಚಮಚ. ಅದೂ ಅರ್ಧ ಹೊರಗೇ ಬರತ್ತೆ. ಆ ವಾರ್ಡಲ್ಲಿ ಇರೋರೆಲ್ಲ ಹಾಗೇ. ಬಾಯಿ ಬಿಡೋಕಾಗಲ್ಲ, ನುಂಗೋಕಾಗಲ್ಲ.”

ಪ್ರಿಯಂವದಾ ಇಡ್ಲಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ತೆಗೆದುಹಾಕು ಎಂದು ಗೈಡ್ ಹೇಳಿದ ಆ ನಾಲ್ಕೇ ರೋಗಿಗಳನ್ನು ಹೋಲುತ್ತಿದ್ದವು. ಉಳಿದ ಅಷ್ಟೂ ಅಂಕಿ ಬಿರಿಯಾನಿ ತಿಂದವರದು. ಬಿರಿಯಾನಿ ತಿಂದವರ ಲೆಕ್ಕದಲ್ಲಿ ಡೋಸು ಬರೆದು, ಹಸಿದವರಿಗೆ ಚುಚ್ಚಲು ಹೊರಟಿದ್ದರು.

“ಇದನ್ನ ಬರೆದ್ರೆ ಟ್ರಯಲ್ ನಿಲ್ಲಿಸ್ತಾರೆ ಜಹನಾರಾ. ಎಷ್ಟು ದಿನ ಅಂತ ಗೊತ್ತಿಲ್ಲ. ಮಾಮುಗೆ...”

“ಗೊತ್ತು.”

“ನೀನೇ ಹೇಳು. ತೆಗೀಲಾ?”

ಜಹನಾರಾಳ ಮುಖ ಕೆಂಪಾಯಿತು. “ನನ್ನನ್ ಯಾಕೆ ಕೇಳ್ತೀಯ? ನಾಳೆ ಅವ್ರಿಗೆ ಏನಾದ್ರೂ ಆದ್ರೆ ನೀನೇ ತೆಗಿ ಅಂದೆ ಅನ್ನೋಕಾ? ನಿಂಗೆ ಅಮ್ಮ, ನಂಗೆ ಮಾಮು, ರಕ್ತಕ್ಕೆ ಅದೆಲ್ಲ ಗೊತ್ತಾಗತ್ತಾ?” ಎಂದು ಸಿಡುಕಿ ಎದ್ದು ಹೋದಳು. ಬಾಗಿಲ ತನಕ ಹೋದವಳು ತಿರುಗಿ ಬಂದು, “ಇಟ್ಕೋ. ಒಂದೂ ತೆಗೀಬೇಡ,” ಎಂದಳು.

ಯಜ್ಞನಾರಾಯಣರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳ ಸುಲಭವಿತ್ತು. ಅವರೂ ಏಕಾದಶಿ ದ್ವಾದಶಿ ಕಂಡ ಮನೆಯಿಂದ ಬಂದವರೇ. ಆ ಮನೆಯ ವಾಸನೆ ತಮ್ಮ ವಿಜ್ಞಾನಕ್ಕೆ ತಾಗಬಾರದೆಂದು ಜೀವಮಾನವಿಡೀ ಕಾದುಕೊಂಡವರು.

“ಏಕಾದಶಿ ಅಂತ ಬರೆದ್ರೆ ಹೊರಗಿನವ್ರು ನಗ್ತಾರಮ್ಮ. ನಮ್ಮೋರು ಇನ್ನೂ ಮೋಸ. ಏಕಾದಶಿಯ ಮಹಿಮೆ ವಿಜ್ಞಾನದಲ್ಲಿ ಸಾಬೀತಾಯ್ತು ಅಂತ ವಾಟ್ಸಾಪಲ್ಲಿ ಮೆರವಣಿಗೆ ಮಾಡ್ತಾರೆ.”

“ಏಕಾದಶಿ ಅಂತ ಬರೆಯಲ್ಲ ಸಾರ್. ಎರಡು ರಾತ್ರಿ ಒಂದು ಹಗಲು ಊಟ ಇಲ್ಲ ಅಂತ ಬರೀತೀನಿ. ಮಹಿಮೆ ಏನಿದೆ ಅದ್ರಲ್ಲಿ? ಈ ಔಷಧ ಹಸಿದವ್ರಿಗೆ ಅಪಾಯ ಆಗ್ಬಹುದು ಅಂತ ತಾನೇ ನಾನು ಹೇಳ್ತಿರೋದು?”

“ಆಗ್ಬಹುದು! ಆಗತ್ತೆ ಅಂತ ಗೊತ್ತಾ ನಿಂಗೆ?”

“ಇಲ್ಲ ಸಾರ್. ಆಗಲ್ಲ ಅಂತ ನಿಮಗೆ ಗೊತ್ತಾ?”

ಅವರ ಕನ್ನಡಕ ಮೂಗಿನ ತುದಿಗೆ ಜಾರಿತು. ಶಿಷ್ಯೆಯರು ಹಾಗೆ ಕೇಳುವ ರೂಢಿ ಆ ಕೋಣೆಯಲ್ಲಿರಲಿಲ್ಲ. ಕಲೋಕ್ವಿಯಂನಲ್ಲಿ, ಎಂದರೆ ಥೀಸಿಸ್ ಸಲ್ಲಿಸುವ ಮೊದಲು ಎಲ್ಲರೆದುರು ಕೆಲಸವನ್ನು ಒಪ್ಪಿಸುವ ದಿನ, ಆ ನಾಲ್ಕು ಚುಕ್ಕೆ ಪರದೆಯ ಮೇಲೆ ಕಂಡರೆ ತಮ್ಮ ಸಹಿ ಬೀಳುವುದಿಲ್ಲ ಎಂದು ಅವರು ಖಡಾಖಂಡಿತವಾಗಿ ಹೇಳಿ ಕಳಿಸಿದರು.

ಆ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಆಸ್ಪತ್ರೆಯ ಇಬ್ಬರು ವೈದ್ಯರು, ಬೇರೆ ವಿಶ್ವವಿದ್ಯಾಲಯದಿಂದ ಪರೀಕ್ಷಿಸಲು ಬಂದಿದ್ದ ನರೆತ ಕೂದಲಿನ ಪ್ರಾಧ್ಯಾಪಕಿಯೊಬ್ಬರು, ಅವರ ಪಕ್ಕ ಯಜ್ಞನಾರಾಯಣರು. ಪ್ರಿಯಂವದಾಳಿಗೆ ಭಯವಾಗಿತ್ತು, ಸುಳ್ಳೇಕೆ? ಐದು ವರ್ಷದ ಕತ್ತಲೆ ಕೋಣೆ ಒಂದು ಕಡೆ, ನಾಲ್ಕು ಚುಕ್ಕೆ ಒಂದು ಕಡೆ. ಮಾತು ಅರ್ಧ ದಾಟಿದ ಮೇಲೆ ಅವಳು ಆ ಚಿತ್ರವನ್ನು ಪರದೆಗೆ ತಂದಳು. ಹುಡುಗರ ಚುಕ್ಕೆಗಳೆಲ್ಲ ಕೆಳಗೆ ಗುಂಪಾಗಿದ್ದವು, ನಾಲ್ಕು ಮೇಲೆ. ಅವುಗಳ ಪಕ್ಕದಲ್ಲೇ ಕೆಂಪು ಬಣ್ಣದಲ್ಲಿ ಅವಳದೇ ಹಸಿವಿನ ಚುಕ್ಕೆ.

“ಈ ನಾಲ್ಕನ್ನ ತೆಗೆದುಹಾಕಿ ಅಂತ ನನಗೆ ಸಲಹೆ ಬಂದಿತ್ತು,” ಎಂದಳು. “ನಾನು ತೆಗೆದಿಲ್ಲ. ಈ ಔಷಧ ಯಾರಿಗೆ ಕೊಡ್ತೀವೋ, ಅವರ ಹಾಗೆ ಇರೋದು ಇವು ಮಾತ್ರ.”

“ಅದ್ರಲ್ಲೊಂದು ಅವಳ ತಾಯಿಯ ಸ್ಯಾಂಪಲ್,” ಎಂದರು ಯಜ್ಞನಾರಾಯಣರು ಕೂತಲ್ಲಿಂದಲೇ. “ಒಂದು ಅವಳದೇ. ಅಳೆದಿದ್ದೂ ಅವಳೇ. ಮನೆಮಂದಿ ಪ್ರೀತಿಯನ್ನ ಡೇಟಾ ಅನ್ನೋಕಾಗಲ್ಲ.”

ಸಭೆಯಲ್ಲಿ ನಗೆ ಹರಿದಾಡಿತು. ಪ್ರಿಯಂವದಾ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

“ಕೊನೇ ಸಲ ಅಳೆದಿದ್ದು ನಾನು ಸಾರ್,” ಎಂದಳು ಜಹನಾರಾ. “ಯಾರ್ದು ಯಾವ್ದು ಅಂತ ನಂಗೆ ಗೊತ್ತಿರ್ಲಿಲ್ಲ. ಈ ಟ್ರಯಲ್‌ಗೆ ನಮ್ಮನೆಯವ್ರೇ ಒಬ್ರು ಕಾಯ್ತಾ ಇದಾರೆ. ಸುಳ್ಳು ಹೇಳೋದಿದ್ರೆ ನಾನು ಈ ಕಡೆ ಹೇಳ್ತಿರ್ಲಿಲ್ಲ.”

“ನಿನ್ನ ಗೈಡೂ ನಾನೇ. ನೆನಪಿದೆಯೇನಮ್ಮ?”

“ಇದೆ ಸಾರ್,” ಎಂದಳು ಅವಳು, ಮತ್ತು ಕೂರಲಿಲ್ಲ.

ಹೊರಗಿನ ಪ್ರಾಧ್ಯಾಪಕಿ ಮುಂದಕ್ಕೆ ಬಾಗಿ ಕೇಳಿದರು. “ಸರಿ, ಡೋಸ್ ಎಷ್ಟು ಅಂತ ಹೇಳೋದು ನಿಮ್ಮ ಕೆಲಸ ಆಗಿತ್ತು. ಇದೆಲ್ಲ ಸೇರಿಸ್ಕೊಂಡ್ರೆ ನಿಮ್ಮ ತೀರ್ಮಾನ ಏನು?”

“ಗೊತ್ತಿಲ್ಲ ಅನ್ನೋದು ಮೇಡಂ.”

“ಅಂದ್ರೆ?”

“ಊಟ ಮಾಡಕ್ಕಾಗದೆ ಇರೋರಿಗೆ ಎಷ್ಟು ಕೊಡ್ಬೇಕು ಅಂತ ನಮಗೆ ಗೊತ್ತಿಲ್ಲ. ಗೊತ್ತಿದೆ ಅಂತ ಬರೆದ್ರೆ ನಂಗೆ ಡಿಗ್ರಿ ಸಿಗತ್ತೆ. ಅವರಿಗೆ ಏನ್ ಸಿಗತ್ತೆ ಅಂತ ನಂಗೆ ಗೊತ್ತಿಲ್ಲ. ಹಾಗಾಗಿ ಬರೆಯಲ್ಲ.”

“ರೋಗಿಗಳ ರಕ್ತದಲ್ಲೇ ಅಳೆದು ನೋಡಿದ್ದೀರಾ?”

“ಇಲ್ಲ ಮೇಡಂ.”

“ಹಾಗಾದ್ರೆ ನಿಮ್ಮ ಥೀಸಿಸ್ ಮುಗಿದಿಲ್ಲ,” ಎಂದರು ಪ್ರಾಧ್ಯಾಪಕಿ. ಅವರ ದನಿಯಲ್ಲಿ ಕೋಪವೂ ಇರಲಿಲ್ಲ, ಕನಿಕರವೂ ಇರಲಿಲ್ಲ. ಆಸ್ಪತ್ರೆಯ ವೈದ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದು ಇತ್ಯರ್ಥವಾಗುವವರೆಗೆ ಯಾರಿಗೂ ಸೂಜಿ ಹಾಕುವುದಿಲ್ಲ ಎಂದು ಎದ್ದು ನಿಂತು ಹೇಳಿ ಹೊರಟರು.

ಸಭೆ ಚದುರಿದ ಮೇಲೆ ಯಜ್ಞನಾರಾಯಣರು ಅವಳ ಪಕ್ಕಕ್ಕೆ ಬಂದರು. “ಬೇರೆ ಗೈಡ್ ನೋಡ್ಕೋಮ್ಮ,” ಎಂದರು ಮೆಲ್ಲಗೆ. ಅವಳು “ಆಯ್ತು ಸಾರ್” ಎಂದಳು. ಬೇಡಿಕೊಳ್ಳುತ್ತಾಳೆಂದು ಒಂದು ನಿಮಿಷ ಕಾದರು. ಅವಳು ಲ್ಯಾಪ್‌ಟಾಪಿನ ವೈರು ಸುತ್ತುತ್ತಿದ್ದಳು.

ಅಕ್ತರ್‌ಗೆ ವಿಷಯ ಮುಟ್ಟಿಸಬೇಕಿತ್ತು. ಫೋನಿನಲ್ಲಿ ಹೇಳಬಹುದಿತ್ತು, ಆಸ್ಪತ್ರೆಯವರೇ ಹೇಳುತ್ತಾರೆಂದು ಬಿಡಬಹುದಿತ್ತು. ನಿಲ್ಲಿಸಿದವಳು ನಾನು, ಹೇಳುವವಳೂ ನಾನೇ ಎಂದು ಪ್ರಿಯಂವದಾ ಜಹನಾರಾಳ ಜೊತೆ ಶಿವಾಜಿನಗರಕ್ಕೆ ಹೊರಟಳು.

ಮಸೀದಿಯ ಹಿಂದಿನ ಸಣ್ಣ ಓಣಿ, ಮೇಲ್ಮಹಡಿಯ ಮನೆ. ಅಕ್ತರ್ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಒಂದು ಕೆನ್ನೆ ಊದಿತ್ತು, ಉಳಿದ ಮೈಯೆಲ್ಲ ಒಣಗಿತ್ತು. ಪಕ್ಕದಲ್ಲಿ ಹೆಂಡತಿ ನೂರುನ್ನೀಸಾ ಬಟ್ಟಲಲ್ಲಿ ಗಂಜಿಯ ತಿಳಿ ಹಿಡಿದುಕೊಂಡಿದ್ದಳು. ಪ್ರಿಯಂವದಾ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಬಸ್ಸಿನ ಕಥೆ ಹೇಳಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಔಷಧ ಈಗ ಬರುವುದಿಲ್ಲ, ನಿಲ್ಲುವ ಹಾಗೆ ಮಾಡಿದವಳು ನಾನು, ಕಾರಣ ಇದು ಎಂದಳು.

ನೂರುನ್ನೀಸಾ ಬಟ್ಟಲನ್ನು ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಕ್ತರ್‌ನ ಕಣ್ಣು ಉರಿಯಿತು.

“ಎರಡು ತಿಂಗಳಿಂದ ಅದೊಂದೇ ಕಾಯ್ತಾ ಇದೀನಿ,” ಎಂದ. ನಾಲಿಗೆ ದಪ್ಪವಾಗಿ ಮಾತು ತೊದಲುತ್ತಿತ್ತು. “ಬೇರೆ ಡಾಕ್ಟ್ರು ಎಲ್ಲಾ ಕೈ ಎತ್ತಿದಾರೆ. ಅದೂ ನಿಲ್ಲಿಸ್ಬಿಟ್ಟು ನನ್ ಮುಂದೇನೇ ಬಂದು ನಿಂತಿದೀಯ.”

“ಹೌದು.”

“ಹಾಕಿದ್ರೆ ಏನಾಗ್ತಿತ್ತು?”

“ಏನೂ ಆಗ್ದೇನೂ ಇರ್ಬಹುದಿತ್ತು. ಕಿಟಕಿ ಬಿಸಿಲಿಗೇ ಮೈ ಸುಟ್ಟೂ ಹೋಗ್ಬಹುದಿತ್ತು. ಗೊತ್ತಿಲ್ಲ. ನಿಮ್ ಹಾಗೆ ಹಸ್ದಿರೋರ ರಕ್ತದಲ್ಲಿ ನಾವು ನೋಡೇ ಇಲ್ಲ.”

“ಯಾಕೆ ನೋಡಿಲ್ಲ?”

ಐದು ವರ್ಷದಲ್ಲಿ ಆ ಪ್ರಶ್ನೆಯನ್ನು ಅವಳೂ ಕೇಳಿಕೊಂಡಿರಲಿಲ್ಲ, ಅವಳ ಗೈಡೂ ಕೇಳಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಅಕ್ತರ್ ಜುಬ್ಬಾದ ತೋಳನ್ನು ಮೊಣಕೈ ಮೇಲಕ್ಕೆ ಸರಿಸಿದ. ಕೈಯನ್ನು ಅವಳ ಕಡೆಗೆ ಚಾಚಿದ.

“ಈಗ ನೋಡು.”

“ತುಮ್ಹಾರೆ ಬದನ್ ಮೆ ಖೂನ್ ಕಾಂ ಹೈ ಜೀ?” ಎಂದು ನೂರುನ್ನೀಸಾ ಅಳುತ್ತಲೇ ಗದರಿದಳು. ನಿಮ್ಮ ಮೈಯಲ್ಲಿ ರಕ್ತವೆಲ್ಲಿದೆ ಎಂದು.

“ಹೈ,” ಎಂದ ಅವನು. “ಬಹುತ್ ಹೈ.”

“ಹಾಗೆ ತಗೋಳೋ ಹಾಗಿಲ್ಲ,” ಎಂದಳು ಪ್ರಿಯಂವದಾ. “ಹೊಸದಾಗಿ ಪರ್ಮಿಷನ್ ಬೇಕು. ಅದಕ್ಕೆ ಒಬ್ರು ಗೈಡ್ ಇರ್ಬೇಕು. ನಂಗೆ ಈಗ ಗೈಡೂ ಇಲ್ಲ.”

“ಅದು ನಿನ್ ಕೆಲ್ಸ ಬೇಟಿ. ಇದು ನನ್ ಕೆಲ್ಸ,” ಎಂದ ಅಕ್ತರ್. ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಜಹನಾರಾ ಅವನ ಮೊಣಕೈಯ ಕೆಳಗೆ ಒಂದು ದಿಂಬು ತಂದಿಟ್ಟಳು.

ಪ್ರಿಯಂವದಾ ಅಲ್ಲೇ, ಆ ಮಂಚದ ಪಕ್ಕದಲ್ಲೇ, ಫೋನು ತೆಗೆದು ಹೊರಗಿನಿಂದ ಬಂದಿದ್ದ ಆ ಪ್ರಾಧ್ಯಾಪಕಿಗೆ ಕರೆ ಮಾಡಿದಳು.

“ಮೇಡಂ, ಥೀಸಿಸ್ ಮುಗಿದಿಲ್ಲ ಅಂದ್ರಲ್ಲ, ನಂಗೊಬ್ರು ಗೈಡ್ ಬೇಕು,” ಎಂದಳು. “ಬೇಗ ಬೇಕು ಮೇಡಂ. ರಕ್ತ ಕೊಡೋರು ಕೈ ಚಾಚ್ಕೊಂಡು ಕೂತಿದಾರೆ.”